ಗಾಡಿ ಕುಡಿದ ನೀರು

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ಆಶ್ರಮಕ್ಕೊಬ್ಬ ಅಜ್ಜ, ಅಜ್ಜನಿಗೊಬ್ಬ ಶಿಷ್ಯ, ಶಿಷ್ಯನಿಗೊಂದು ಹಳೆಯ ಡೀಸೆಲ್ ಜೀಪು. ಮೂವರಲ್ಲಿ ಇನ್ನೊಬ್ಬರ ಮಾತು ಕೇಳುವವರು ಯಾರೂ ಇರಲಿಲ್ಲ.

ಅಜ್ಜನ ಹೆಸರು ಮುರಿಗೆಯ್ಯ. ಎಲ್ಲರಿಗೂ ಅವರು ಅಜ್ಜಾರು. ಆಶ್ರಮ ಕಟ್ಟುವ ಮೊದಲು ಇಪ್ಪತ್ತೆರಡು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಕಟ್ಟಿದವರು. ಈಗ ಕೈ ನಡುಗುತ್ತಿತ್ತು. ಸ್ಪ್ಯಾನರ್ ಬಿಟ್ಟಿದ್ದರು, ಸಿಟ್ಟು ಬಿಟ್ಟಿರಲಿಲ್ಲ.

ಶಿಷ್ಯ ಕಲ್ಮೇಶ. ಅವನಿಗೆ ಒಪ್ಪಿಸಿದ್ದ ಸೇವೆ ಒಂದೇ. ಪ್ರತಿ ಮಂಗಳವಾರ, ಶುಕ್ರವಾರ ಫಕೀರವ್ವನನ್ನು ಜೀಪಿನಲ್ಲಿ ಕೂರಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಮುಟ್ಟಿಸುವುದು, ಸಂಜೆ ಕರೆತರುವುದು.

ಫಕೀರವ್ವ ಮೂವತ್ತು ವರ್ಷ ಆಶ್ರಮಕ್ಕೆ ರೊಟ್ಟಿ ಬಡಿದವಳು. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ, ನಾಲ್ಕು ನಾಲ್ಕು ತಾಸು, ಯಂತ್ರ ಅವಳ ರಕ್ತ ತೊಳೆದು ಕೊಡಬೇಕು. ಬೆಳಗಿನ ಹೊತ್ತು ಆ ದಾರಿಯಲ್ಲಿ ಬಸ್ಸಿಲ್ಲ, ಬೇರೆ ಗಾಡಿ ಸಿಗುವ ಭರವಸೆಯೂ ಇಲ್ಲ.

ಆ ಶುಕ್ರವಾರ ಏರಿನಲ್ಲಿ ಜೀಪು ಕುದಿದು ನಿಂತಿತು. ಫಕೀರವ್ವ ರಸ್ತೆ ಬದಿಯ ಕಲ್ಲಿನ ಮೇಲೆ ಎರಡು ತಾಸು ಕೂತಳು. ಕೊನೆಗೆ ಹಾಲಿನ ಗಾಡಿಯವನು ಹತ್ತಿಸಿಕೊಂಡ. ತಡವಾಗಿದ್ದಕ್ಕೆ ನಾಲ್ಕು ತಾಸಿನ ಬದಲು ಎರಡೇ ತಾಸು ಸಿಕ್ಕಿತು.

“ಮಂಗಳವಾರ ಮಾತ್ರ ತಪ್ಪಿಸಬೇಡಿ” ಎಂದರು ಡಾಕ್ಟರು. “ಮೈಯೊಳಗಿನ ನೀರು ಎದೆಗೇರಿದರೆ ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.”

ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರೊಂದು ಜೀಪನ್ನು ಎಳೆದು ತಂದು ಬೇವಿನ ಮರದ ಕೆಳಗೆ ಬಿಟ್ಟಿತು. ಅಜ್ಜಾರು ಕೋಲೂರಿಕೊಂಡು ಬಂದರು.

“ನೀರು ಯಾವಾಗಿನಿಂದ ಕಡಿಮಿ ಆಗಾಕತ್ತೈತಿ?”

“ನಾಕು ತಿಂಗಳಾತ್ರಿ, ಅಜ್ಜಾರ.”

“ನನಗ್ಯಾಕ ಹೇಳಲಿಲ್ಲ?”

“ಹೇಳುವಂಥಾದ್ದು ಏನೈತ್ರಿ? ಕಡಿಮಿ ಆದಂಗ ತುಂಬತಿದ್ನೆಲ್ಲ.”

ಅಜ್ಜಾರು ಕಣ್ಣು ಮುಚ್ಚಿದರು. ನೋಡಿದವರಿಗೆ ಧ್ಯಾನ ಅನ್ನಿಸಬಹುದು. ಹಲ್ಲು ಕಚ್ಚಿ ಹಿಡಿದಿದ್ದರು, ಅಷ್ಟೇ.

ಕಲ್ಮೇಶ ಸುಮ್ಮನೆ ಕೂತವನಲ್ಲ. ರೇಡಿಯೇಟರಿನ ಮುಚ್ಚಳ ಬದಲಿಸಿದ್ದ. ಎರಡೂ ಹೋಸ್ ಪೈಪು ಬದಲಿಸಿದ್ದ. ವಾಟರ್ ಪಂಪನ್ನೂ ಬದಲಿಸಿದ್ದ. ನೀರು ಮಾತ್ರ ಎಂದಿನಂತೆ ಮಾಯವಾಗುತ್ತಲೇ ಇತ್ತು.

“ಇನ್ನ ಉಳಿದದ್ದು ಹೆಡ್ ಗ್ಯಾಸ್ಕೆಟ್ ಒಂದರಿ. ಎಂಜಿನ್ ಬಿಚ್ಚಬೇಕು. ಎಂಟು ದಿನ ಹಿಡೀತೈತಿ ಅಂದಾನ ಮೆಕ್ಯಾನಿಕ್.”

“ಮಂಗಳವಾರಕ್ಕ ಎಷ್ಟು ದಿನ ಐತಿ?”

“ಮೂರರಿ.”

“ಎಣಿಸಾಕ ಬರತೈತೆಲ್ಲ, ಪುಣ್ಯಾ.”

ಅಜ್ಜಾರು ಎಣ್ಣೆಯ ಕಡ್ಡಿ ಎಳೆಸಿ ನೋಡಿದರು. ಎಣ್ಣೆಗೆ ನೀರು ಸೇರಿದ್ದರೆ ಹಾಲು ಹಾಕಿದ ಚಹಾದಂತೆ ಆಗಬೇಕು. ಅದು ಕರ್ರಗೇ ಇತ್ತು. ರೇಡಿಯೇಟರಿಗೆ ನೀರು ತುಂಬಿಸಿ, ಮುಚ್ಚಳ ತೆಗೆದಿಟ್ಟು, ತಣ್ಣನೆಯ ಎಂಜಿನ್ ಚಾಲೂ ಮಾಡಿಸಿದರು. ಗ್ಯಾಸ್ಕೆಟ್ ಹೋಗಿದ್ದರೆ ಏಳಬೇಕಾದ ಗುಳ್ಳೆ ನೀರಿನಲ್ಲಿ ಏಳಲಿಲ್ಲ. ಹಿಂದಿನ ಹೊಗೆಯೂ ಬೆಳ್ಳಗಿರಲಿಲ್ಲ.

“ಗ್ಯಾಸ್ಕೆಟ್ ಹೋಗಿದ್ದು ಎಂಜಿನ್ನಿಂದು ಅಲ್ಲ, ನಿಂದು” ಎಂದರು.

“ಹಂಗಾರ ನೀರು ಎಲ್ಲಿಗಿ ಹೋಗಾಕತ್ತೈತ್ರಿ?”

“ಎಷ್ಟು ಹೋಗಾಕತ್ತೈತಿ?”

“ಎಲ್ಲಿಗಿ ಅಂತ ಕೇಳಿದ್ನಿರಿ.”

“ಎಷ್ಟು ಅಂತ ನಾ ಕೇಳಿದೆ.”

“ಅದೆಂಗ ಗೊತ್ತಾಗಬೇಕ್ರಿ? ಬಾಟ್ಲಿ ಕೈಗೆ ಸಿಕ್ರ ಬಾಟ್ಲಿ, ಕೊಡ ಸಿಕ್ರ ಕೊಡ. ಮ್ಯಾಲ ಬರೂತನಕ ಸುರೀತಿದ್ದೆ.”

ಅಜ್ಜಾರು ಕೋಲನ್ನು ನೆಲಕ್ಕೆ ಕುಟ್ಟಿದರು.

“ಹೋಗು. ಫಕೀರವ್ವನ ಮುಂದ ಕೂಡು. ಆಕಿ ಹೇಳಿದಂಗ ಮಾಡು.”

“ಆಕಿಗೆ ಬಾನೆಟ್ ಎತ್ತಾಕೂ ಬರಂಗಿಲ್ರಿ!”

“ನಿನಗ ಎತ್ತಾಕ ಬರತೈತಿ. ಏನ್ ಕಡದು ಗುಡ್ಡಾ ಹಾಕಿದಿ?”

ಕಲ್ಮೇಶ ಗೊಣಗುತ್ತ ಹೋದ.

ಫಕೀರವ್ವ ಪಡಸಾಲೆಯ ಕಂಬಕ್ಕೊರಗಿ ಕೂತಿದ್ದಳು. ಕಾಲು ಬಾತುಕೊಂಡಿದ್ದವು. ಪಕ್ಕದಲ್ಲಿ ಎರಡು ಡಬ್ಬಿ, ಒಂದು ಸಣ್ಣ ಸ್ಟೀಲಿನ ಲೋಟ. ಒಂದು ಡಬ್ಬಿಯಲ್ಲಿ ಹುಣಸೆಬೀಜ. ದಿನಕ್ಕೆ ಹತ್ತು ಲೋಟಕ್ಕಿಂತ ಹೆಚ್ಚು ಕುಡಿಯುವಂತಿರಲಿಲ್ಲ, ಚಹಾ ಮಜ್ಜಿಗೆ ಎಲ್ಲ ಸೇರಿ. ಒಂದು ಲೋಟ ಕುಡಿದರೆ ಒಂದು ಬೀಜ ಈ ಡಬ್ಬಿಯಿಂದ ಆ ಡಬ್ಬಿಗೆ. ಓದು ಬರಹ ಬಾರದವಳು ಎರಡು ವರ್ಷದಿಂದ ಹೀಗೆಯೇ ಬದುಕಿದ್ದಳು.

ಬಿಸಿಲಲ್ಲಿ ಬಂದ ಕಲ್ಮೇಶ ಕೈಯಲ್ಲಿದ್ದ ಬಾಟಲಿ ಎತ್ತಿ ಗಟಗಟ ಕುಡಿದ. ಅವಳು ಆ ಬಾಟಲಿಯನ್ನೇ ನೋಡಿದಳು.

“ಅಜ್ಜಾರ ಕಳಿಸ್ಯಾರವ್ವಾ. ಗಾಡಿದು ನಿನ್ನ ಕೇಳಬೇಕಂತ.”

“ಎಷ್ಟು ಕುಡಿತೈತಿ ಗಾಡಿ?”

“ಗೊತ್ತಿಲ್ಲ.”

ಫಕೀರವ್ವನ ಮುಖ ಕೆಂಪಾಯಿತು. ಎರಡು ವರ್ಷದಲ್ಲಿ ಅವಳು ಯಾರ ಮೇಲೂ ದನಿ ಎತ್ತಿರಲಿಲ್ಲ.

“ನಾಕು ತಿಂಗಳಿಂದ ನನ್ನ ಕಣ್ಮುಂದ ಕೊಡಗಟ್ಲೆ ಸುರೀತಿ. ನಾ ಒಂದು ಗುಟುಕು ಹೆಚ್ಚಿಗಿ ಕುಡದ್ರ ರಾತ್ರಿ ಉಸಿರು ಸಿಗಂಗಿಲ್ಲೊ ತಮ್ಮಾ. ನಿನಗ ಎಷ್ಟು ಅನ್ನೂದೂ ಗೊತ್ತಿಲ್ಲಾ?”

ಕಲ್ಮೇಶ ಬಾಟಲಿಯನ್ನು ಬೆನ್ನ ಹಿಂದೆ ಹಿಡಿದ.

“ತುಂಬಿಸು” ಎಂದಳು ಅವಳು. “ಕಡ್ಡಿ ಇಳಿಬಿಟ್ಟು ಗುರುತು ಮಾಡು. ಆಮ್ಯಾಲ ಯಾರೂ ಮುಟ್ಟಬಾರದು. ಮುಂಜಾನಿ ಬಂದು ಹೇಳು.”

ಬೇವಿನ ಕಡ್ಡಿಗೆ ಚಾಕುವಿನಿಂದ ಗುರುತು ಹಾಕಿ ಕಲ್ಮೇಶ ಮುಚ್ಚಳ ಬಿಗಿದ. ಅಜ್ಜಾರ ಹಳೆಯ ಪಂಚೆಯೊಂದನ್ನು ಜೀಪಿನ ಕೆಳಗೆ ಹಾಸಿದ. ಹನಿ ಬಿದ್ದರೆ ಕಾಣಬೇಕಲ್ಲ.

ಭಾನುವಾರ ಬೆಳಿಗ್ಗೆ ಓಡಿಬಂದ.

“ಯವ್ವಾ, ಕಡಿಮಿ ಆಗಿಲ್ಲ. ಗುರುತಿಗಿಂತ ಮ್ಯಾಲ ಬಂದೈತಿ!”

“ರಾತ್ರಿ ಗಾಡಿ ಈದೈತೇನು?” ಎಂದಳು ಫಕೀರವ್ವ. “ಯಾರ ಸುರದ್ರು ಕೇಳು.”

ಕೇಳಬೇಕಾದದ್ದೇ ಇರಲಿಲ್ಲ. ತೋಟ ನೋಡಿಕೊಳ್ಳುವ ದ್ಯಾಮಣ್ಣ ಹೊಳೆಯಿಂದ ಜಳಕ ಮಾಡಿ ಬಂದವನು ಖಾಲಿ ತಂಬಿಗೆ ಹಿಡಿದು ಜೀಪಿನ ಹತ್ತಿರವೇ, ಅಜ್ಜಾರ ಮುಂದೆ ನಿಂತಿದ್ದ. ಅವನು ಕೈ ಮುಗಿದು ಹೇಳಿದ.

“ನಾ ದಿನಾ ಒಂದು ತಂಬಗಿ ಹಾಕತೀನ್ರಿ ಅಜ್ಜಾರ. ಕಲ್ಮೇಶ ಹಾಕೂದು ನೋಡಿ ನಾನೂ ಸುರು ಮಾಡಿದೆ. ಫಕೀರವ್ವ ಕುಂದರೂ ಗಾಡಿ. ಪುಣ್ಯದ ಕೆಲಸರಿ.”

ಅಜ್ಜಾರು ತಲೆಯ ಮೇಲೆ ಕೈಹೊತ್ತು ಬೇವಿನ ಬುಡದಲ್ಲಿ ಕುಸಿದು ಕೂತರು.

“ಒಬ್ಬ ಹೇಳದ ಸುರೀತಾನ. ಒಬ್ಬ ಕೇಳದ ಸುರೀತಾನ. ಇದು ಆಶ್ರಮೋ ಅರವಟ್ಟಿಗೆನೋ?”

ಈ ಕತೆ ಹೇಳುವ ನನಗೇ ಸಿಟ್ಟು ಬರುತ್ತದೆ. ಇನ್ನು ಅಜ್ಜಾರ ಪಾಡು ಏನಾಗಿರಬೇಕು!

ದ್ಯಾಮಣ್ಣನ ತಂಬಿಗೆಯನ್ನು ಅಜ್ಜಾರು ತಮ್ಮ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಕಲ್ಮೇಶ ನೀರನ್ನು ಗುರುತಿಗೆ ತಂದು ನಿಲ್ಲಿಸಿದ. ಮೂರು ತಾಸು ಕಾದು ನೋಡಿದ. ಕೂದಲೆಳೆಯಷ್ಟೂ ಇಳಿಯಲಿಲ್ಲ.

“ನಿಂತಾಗ ಕುಡಿಯಂಗಿಲ್ಲವ್ವಾ.”

“ನಾನೂ ನೆಳ್ಳಾಗ ಕುಂತ್ರ ಬೆವರಂಗಿಲ್ಲ” ಎಂದಳು ಫಕೀರವ್ವ. “ದುಡಿಸಿ ನೋಡು.”

ನಿಂತಲ್ಲೇ ಒಂದು ತಾಸು ಎಂಜಿನ್ ಓಡಿಸಿದರು. ಬಂದ್ ಮಾಡಿದ್ದೇ ತಡ, ಕಲ್ಮೇಶ ಮುಚ್ಚಳಕ್ಕೆ ಕೈ ಹಾಕಿದ. ಅಜ್ಜಾರ ಕೋಲು ಅವನ ಮಣಿಕಟ್ಟಿನ ಮೇಲೆ ಬಿತ್ತು.

“ಕುದಿಯೂ ನೀರು ಮುಖಕ್ಕ ಹಾರಿದ್ರ ಮಂಗಳವಾರ ಗಾಡಿ ಯಾರು ಹೊಡೀತಾರ? ಆರೂತನಕ ಕೈ ಕಟಗೊಂಡು ಕೂಡು.”

ಕಲ್ಮೇಶ ಕೂತ. ಎದ್ದ. ಮತ್ತೆ ಕೂತ. ನಾಳೆಯೊಂದೇ ದಿನ ಉಳಿದಿತ್ತು. ಸುಮ್ಮನೆ ಕೂರುವುದು ಅವನ ಹುಟ್ಟುಗುಣವಲ್ಲ.

ಆರಿದ ಮೇಲೆ ಫಕೀರವ್ವನ ಲೋಟದಿಂದಲೇ ಅಳೆದು ಗುರುತಿಗೆ ತುಂಬಿದ. ಅರ್ಧ ಲೋಟ ಹಿಡಿಯಿತು. ಮಧ್ಯಾಹ್ನ ಆಶ್ರಮದ ಹಿಂದಿನ ಏರನ್ನು ನಾಲ್ಕು ಸಲ ಹತ್ತಿಸಿ ಇಳಿಸಿ ತಂದ. ಆರಿದ ಮೇಲೆ ಅಳೆದ. ಆರು ಲೋಟ.

ಏರಿನ ದಾರಿಯಲ್ಲಿ ಒದ್ದೆ ಗುರುತಿರಲಿಲ್ಲ. ಜೀಪು ನಿಂತ ಕಡೆ ಪಂಚೆಯೂ ಒಣಗಿದ್ದು ಒಣಗಿದಂತೆಯೇ ಇತ್ತು.

“ಆರು ಲೋಟ ಹೋಗೈತಿ, ಒಂದು ಹನಿ ಕೆಳಗಿಲ್ಲ” ಎಂದ ಕಲ್ಮೇಶ. ದನಿ ಅಳುವಂತಾಗಿತ್ತು. “ಗಾಡಿಗೆ ದೆವ್ವ ಬಡದೈತಿ.”

“ದೆವ್ವಾ ಅಲ್ಲ” ಎಂದಳು ಫಕೀರವ್ವ. “ಕಾದ ಹಂಚಿನ ಮ್ಯಾಲ ನೀರು ಬಿದ್ರ ಒಲಿಯೊಳಗ ಇಳಿತೈತೇನು? ಚುಸ್ ಅಂದು ಅಲ್ಲೇ ಆರತೈತಿ. ಏರು ಬಂದಾಗೆಲ್ಲ ನನ್ನ ಕಾಲಿನ ಕಡಿ ಚುಸ್ ಅನ್ನೂದು ಕೇಳೇನಿ.”

“ಕೇಳಿಯಾ? ಮತ್ತ ನನಗ ಹೇಳಲಿಲ್ಲ ಯಾಕ?”

“ನೀ ಕೇಳಲಿಲ್ಲ. ಹೇಳಿದ್ರ ಗಾಡಿ ಬಿಚ್ಚಿ ಕೂಡತೀರಿ, ನನ್ನ ಮಂಗಳವಾರ ಹೋಗತೈತಿ ಅಂತ ಅಂಜಿದೆ.”

ಅಜ್ಜಾರು ಮೊದಲ ಸಲ ಸಿಟ್ಟಿಲ್ಲದ ದನಿಯಲ್ಲಿ “ಟಾರ್ಚ್ ತಾ” ಎಂದರು.

ಎಂಜಿನ್ನಿನಲ್ಲಿ ಕಾದ ಹಂಚಿನಂಥ ಜಾಗ ಒಂದೇ, ಹೊಗೆ ಹೊರಗೆ ಬರುವ ಕೊಳವೆ. ಅದರ ಹಿಂದೆ, ಕಣ್ಣಿಗೆ ಬೀಳದ ಮೂಲೆಯಲ್ಲಿ, ಒಳಗೆ ನೀರು ಹರಿಯುವ ಎಂಜಿನ್ ಗೋಡೆಯ ತೂತು ಮುಚ್ಚಲು ಬಡಿದು ಕೂರಿಸಿದ ತಗಡಿನ ಬಿಲ್ಲೆಯೊಂದಿತ್ತು. ಬಾಟಲಿ ಮುಚ್ಚಳಕ್ಕಿಂತ ತುಸು ಅಗಲ. ಅದರ ಅಂಚಿನಿಂದ ತುಕ್ಕಿನ ಗೆರೆಯೊಂದು ಕೊಳವೆಯತ್ತ ಇಳಿದು, ಅಲ್ಲೇ ಬೆಳ್ಳಗೆ ಒಣಗಿತ್ತು.

ಕೊಳವೆ ಬಿಚ್ಚಿ ಬಿಲ್ಲೆಯನ್ನು ಕಿತ್ತು ತೆಗೆದಾಗ ಕೆಂಪು ರಾಡಿ ಬೊಳಬೊಳ ಸುರಿಯಿತು. ಕಲ್ಮೇಶ ಬಿಲ್ಲೆಯನ್ನು ಬೆಳಕಿಗೆ ಹಿಡಿದ. ಹೊರಗಿನ ಮೈ ಗಟ್ಟಿಯಾಗಿತ್ತು. ಒಳಗಿನ ಮೈಯನ್ನು ತುಕ್ಕು ತಿಂದು ಕಾಗದ ಮಾಡಿತ್ತು. ನಡುವೆ ಸೂಜಿಮೊನೆಯಷ್ಟು ತೂತು.

“ಯಾವುದು ತಿಂತರಿ ಇದನ್ನ?”

“ತುಕ್ಕು ತಡಿಯೂ ಕೂಲೆಂಟ್ ಹಾಕೂ ಜಾಗದಾಗ ಹೊಳಿ ನೀರು ಹಾಕಿದ್ರ ಇನ್ನೇನು ತಿಂತೈತಿ? ಮೊದಲು ಎಲ್ಲೋ ಒಂದೀಟು ಜಿನುಗಿರಬೇಕು. ಅದಕ್ಕ ನೀ ಸುರದಿ. ಸುರದದ್ದು ತಗಡು ತಿಂತು. ತಿಂದಂಗ ಹೆಚ್ಚಿಗಿ ಸೋರಿತು. ಸೋರಿದಂಗ ಮತ್ತ ಸುರದಿ.”

ಕಲ್ಮೇಶ ಬಿಲ್ಲೆಯನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ನೀರು ತುಂಬಿ, ಜೀಪಿಗೊಂದು ನಮಸ್ಕಾರ ಹಾಕಿ ಹೋಗುತ್ತಿದ್ದವನು ಅವನು. ನಾಚಿಕೆಯಿಂದ ಅವನ ಕಣ್ಣು ತುಂಬಿತು.

“ಅಳಬ್ಯಾಡ, ಅದೂ ನೀರ” ಎಂದರು ಅಜ್ಜಾರು. “ನಾಳಿ ಪಟ್ಟಣಕ್ಕ ಹೋಗಿ ಬಿಲ್ಲಿ ತಾ. ಒಂದಲ್ಲ, ಅಂಥಾವು ಎಷ್ಟು ಅದಾವ ಅಷ್ಟೂ ತಾ. ಒಂದು ಹೋದಮ್ಯಾಲ ಉಳಿದಾವು ಎಷ್ಟು ದಿನ ಇದ್ದಾವು?”

ಸೋಮವಾರ ಸಿಕ್ಕ ಗಾಡಿ ಹತ್ತಿ ಹೋಗಿ ಕಲ್ಮೇಶ ಬಿಲ್ಲೆ ತಂದ. ಆಮೇಲೆ ರಾತ್ರಿಯವರೆಗೂ ಕೆಲಸ. ಅಜ್ಜಾರು ಬೈಯುವುದು, ಕಲ್ಮೇಶ ಬಡಿಯುವುದು. ತುಕ್ಕು ಹೋಗುವವರೆಗೆ ಒಳಗೆಲ್ಲ ನೀರು ಹಾಯಿಸಿ ತೊಳೆದರು. ಬಿಲ್ಲೆ ಕೂರುವ ಅಂಚನ್ನು ಉಜ್ಜಿ ಹೊಳೆಯಿಸಿದರು. ಹೊಸ ಬಿಲ್ಲೆ ಎರಡು ಸಲ ಸೊಟ್ಟಗೆ ಕೂತಿತು, ಎರಡು ಸಲವೂ ಅಜ್ಜಾರು ಕೀಳಿಸಿದರು. ಮೂರನೆಯ ಸಲ ನೇರ ಕೂತಿತು. ಉಳಿದವೂ ಕೂತವು. ಕೂಲೆಂಟನ್ನು ಅಳೆದು ಬೆರೆಸಿ ತುಂಬಿ, ಒಳಗಿನ ಗಾಳಿ ಬಿಟ್ಟು, ಏರು ಹತ್ತಿಸಿ ಇಳಿಸಿದರು.

ಆರಿದ ಮೇಲೆ ಕಡ್ಡಿ ಇಳಿಬಿಟ್ಟರೆ ಗುರುತಿಗೆ ಸರಿಯಾಗಿತ್ತು.

ಮಂಗಳವಾರ ಫಕೀರವ್ವನಿಗೆ ಮೆಟ್ಟಿಲು ಹತ್ತಲೂ ಆಗುತ್ತಿರಲಿಲ್ಲ. ಏದುಸಿರು. ಕಲ್ಮೇಶ ಎತ್ತಿ ಕೂರಿಸಿದ. ಏರು ಬಂದಾಗ ಉಸಿರು ಬಿಗಿಹಿಡಿದು ಗಾಡಿ ಹೊಡೆದ. ಚುಸ್ ಅನ್ನಲಿಲ್ಲ. ಒಂಬತ್ತಕ್ಕೆ ಆಸ್ಪತ್ರೆ ಮುಟ್ಟಿದರು. ನಾಲ್ಕು ತಾಸು ಪೂರ್ತಿ ಸಿಕ್ಕಿತು.

ಸಂಜೆ ಮರಳಿದಾಗ ಅವಳ ಮುಖದ ಬಾವು ಇಳಿದಿತ್ತು. ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಒಣಗಿದ ತುಟಿ ಸವರಿಕೊಂಡು “ಬಿಸಲು ಭಾಳ ಐತಿ” ಎಂದಳು.

ಕಲ್ಮೇಶನಿಗೆ ಎದೆ ತುಂಬಿ ಬಂದಿತ್ತು. ಬದುಕಿ ಬಂದಳಲ್ಲ! ಅಡುಗೆ ಮನೆಗೆ ಓಡಿದ. ಮಣ್ಣಿನ ಹರವಿಯಿಂದ ದೊಡ್ಡ ತಂಬಿಗೆಯ ತುಂಬ ತಣ್ಣನೆಯ ನೀರು ತಂದು, ಎರಡೂ ಕೈಯಲ್ಲಿ ಹಿಡಿದು, ಅವಳ ಮುಂದೆ ಮಂಡಿಯೂರಿದ.

“ಕುಡಿಯವ್ವಾ. ಹೊಟ್ಟಿ ತುಂಬ ಕುಡಿ.”

ಫಕೀರವ್ವ ನೀರನ್ನು ನೋಡಿದಳು. ಕೈ ತಾನಾಗಿ ಮುಂದೆ ಬಂತು. ಬೆರಳು ತಂಬಿಗೆಗೆ ತಾಗಿ, ಅಲ್ಲೇ ನಿಂತವು. ಬೇಡ ಅನ್ನಲು ಅವಳಿಂದ ಆಗಲಿಲ್ಲ.

ಅಜ್ಜಾರು ಬಂದವರೇ ತಂಬಿಗೆ ಕಸಿದುಕೊಂಡರು. ಅಷ್ಟೂ ನೀರನ್ನು ಕಲ್ಮೇಶನ ನೆತ್ತಿಯ ಮೇಲೆ ಸುರಿದರು.

“ಸುರಿಯೂದು ಕಲ್ತಿ” ಎಂದರು. “ಕೇಳೂದು ಯಾವಾಗ ಕಲೀತಿ?”