ಮುಚ್ಚಿದ ಬಾಗಿಲಿಗೆ ಕೈ ಮುಗಿದವರು

ಸಂಗವ್ವ ಅತ್ತ ಇತ್ತ ನೋಡಿ, ದನಿ ಇಳಿಸಿ ಹೇಳುತ್ತಿದ್ದಳು: “ಯಾರ ಮುಂದೂ ಬಾಯಿ ಬಿಡಬ್ಯಾಡ. ನಿನಗಷ್ಟೇ ಹೇಳಾಕತ್ತೀನಿ. ಅಜ್ಜಾರು ಒಳಗ ಮೌನಕ್ಕ ಕುಂತಾರ.”

ಒಬ್ಬೊಬ್ಬರಿಗೂ ‘ನಿನಗಷ್ಟೇ’ ಎಂದು ಹೇಳಿ ಹೇಳಿ, ಹೊಳೆಯ ಆಚೆ ದಂಡೆಯವರಿಗೂ ಗುಟ್ಟು ಮುಟ್ಟಿತು.

ಗುರುಪಾದಯ್ಯ ಅಜ್ಜಾರ ಆಶ್ರಮಕ್ಕೆ ಗೋಡೆ ಹತ್ತಿದ ಮನೆ ಅವಳದು. ಸಾಲದ್ದಕ್ಕೆ ಅವರ ಶಿಷ್ಯೆ ಬೇರೆ. ನಂಬದೆ ಏನು ಮಾಡಿಯಾರು? ಮಂದಿ ಬಂದರು, ಮುಚ್ಚಿದ ಬಾಗಿಲಿಗೆ ಕಾಯಿ ಒಡೆದು, ಹೊಸ್ತಿಲಿಗೆ ಹಣೆ ಹಚ್ಚಿ ಹೋದರು.

ಒಳಗಿದ್ದದ್ದು ಒಂದು ಬೆಕ್ಕು.

ಅಜ್ಜಾರು ಪಟ್ಟಣದ ಆಸ್ಪತ್ರೆಯಲ್ಲಿ ಮಲಗಿದ್ದರು. ಹಲ್ಲಿನ ಕೀವು ರಕ್ತಕ್ಕೆ ಇಳಿದು, ಹೃದಯದ ಕವಾಟಕ್ಕೆ ಸೋಂಕು ಹತ್ತಿತ್ತು. ವಾರಗಟ್ಟಲೆ ನರಕ್ಕೆ ಔಷಧ ಹನಿಸಿ ಡಾಕ್ಟರರು ಬದುಕಿಸಿ ಕಳಿಸಿದರು.

ನಸುಕಿನಲ್ಲಿ ಜೀಪು ಹಿತ್ತಿಲಿಗೆ ಬಂತು. ಅಜ್ಜಾರು ಗೋಡೆ ಹಿಡಿದು ಹಿಡಿದು ಒಳಗೆ ನಡೆದರು. ಸಂಗವ್ವ ಶಾಲು ತಂದಳು.

“ತೋಳು ಮುಚ್ಚಿಕೊಳ್ರಿ ಅಜ್ಜಾರ. ಸೂಜಿ ಗುರುತು ಕಂಡ್ರ ಮಂದಿ ಏನಂದಾರು?”

“ಸೂಜಿ ಚುಚ್ಯಾರ ಅಂದಾರು.”

“ನಾ ಮೌನ ಅಂತ ಹೇಳೀನ್ರಿ.”

“ಮಾತೆಲ್ಲ ನಿಂದು, ಮೌನ ನಂದೇನು?”

ಅಷ್ಟಕ್ಕೇ ಅವರಿಗೆ ಉಸಿರು ಸಾಲದಾಯಿತು. ಸುಮ್ಮನಾದರಲ್ಲ, ಒಪ್ಪಿದರು ಅಂತಲೇ ತಿಳಿದು ಸಂಗವ್ವ ಶಾಲು ಹೊದಿಸಿದಳು. ಹೊತ್ತು ಮೂಡುತ್ತಲೇ ಬಾಗಿಲು ತೆರೆದಳು.

ಮಂದಿ ನುಗ್ಗಿತು. ಬಡಕಲಾದ ಮುಖ ನೋಡಿ “ಏನು ತೇಜಸ್ಸು, ಏನು ತೇಜಸ್ಸು” ಎಂದಿತು. ಸಂಗವ್ವ ತಾನೇ ಹೆತ್ತವಳ ಹಾಗೆ ಬೀಗಿದಳು.

ಲಗಮವ್ವ ಎಂಬಾಕೆ ಗಂಡನನ್ನು ಹಿಡಿದು ತಂದು ಕೂರಿಸಿದಳು. ಅವನಿಗೆ ಏದುಸಿರು.

“ತಿಂಗಳಾತ್ರಿ ಜ್ವರ ಹತ್ತಿ. ನಿಮ್ಮಂಗ ಇವರನ್ನೂ ಕೋಣ್ಯಾಗ ಮೌನಕ್ಕ ಕುಂದರ್ಸೀನ್ರಿ.”

“ಔಷಧ?”

“ಮೌನದಾಗ ಔಷಧ ಬಾಯಿಗೆ ಹಾಕಬಾರದು ಅಂದ್ರು ಸಂಗವ್ವಾರು. ಗುಳಿಗಿ ಎಲ್ಲಾ ಹೊಳಿಗೆ ಬಿಟ್ಟೆ.”

ಅಜ್ಜಾರು ಶಾಲು ಕಿತ್ತೆಸೆದರು. ನೀಲಿಗಟ್ಟಿದ ತೋಳು ಎತ್ತಿ ತೋರಿಸಿದರು. ಬಾಯಿ ಅಗಲಿಸಿ, ಹಲ್ಲು ಕಿತ್ತ ಸಂದಿಯನ್ನೂ ತೋರಿಸಿದರು.

“ನೋಡ್ರಿ ನಿಮ್ಮ ತೇಜಸ್ಸು. ಹಲ್ಲು ಕೊಳೆತು ಎದಿಗೆ ವಿಷ ಏರಿತ್ತು. ಇಷ್ಟು ದಿನ ದವಾಖಾನ್ಯಾಗ ಬಿದ್ದಿದ್ದೆ. ಜೀಪು ಇನ್ನೂ ಹಿತ್ತಲದಾಗ ಐತಿ. ಹತ್ತಸ್ರಿ ಇವನ್ನ. ನನ್ನ ನೋಡಿದ ಡಾಕ್ಟರಿಗೇ ತೋರಸ್ರಿ. ಮೊದಲ ರಕ್ತ ತಪಾಸ ಮಾಡ್ರಿ ಅನ್ರಿ.”

ಜೀಪು ಹೋಯಿತು. ಮಂದಿಯೂ ಕರಗಿತು. ಕೆಲವರು ತಂದ ಬಾಳೆಹಣ್ಣು ಮರಳಿ ಒಯ್ದರು. ಒಬ್ಬನಂತೂ ಹಣೆಯ ವಿಭೂತಿಯನ್ನೂ ಒರೆಸಿಕೊಂಡ.

ಸಂಗವ್ವನಿಗೆ ಮೈಯೆಲ್ಲ ಉರಿಯಿತು. ಬಾಗಿಲು ಕಾದವಳು ಯಾರು? ದಿನಾ ಅಂಗಳ ಸಾರಿಸಿದವಳು ಯಾರು? ಅಂಥವಳ ಮರ್ಯಾದೆಯನ್ನು ಊರ ಮುಂದೆ ತೆಗೆಯುವುದೇ?

“ಅಲ್ರಿ ಅಜ್ಜಾರ, ಇದರಾಗ ನನಗೇನು ಬಂತು? ನಿಮ್ಮನ್ನ ದೊಡ್ಡವರನ್ನ ಮಾಡಲಿಲ್ಲೇನು ನಾನು?”

ಅಜ್ಜಾರು ಎದೆಯ ಮೇಲೆ ಕೈಯಿಟ್ಟು ಉಸಿರು ತಂದುಕೊಂಡರು. ಆಮೇಲೆ ಅವಳ ಮುಖ ನೋಡಿಯೇ ಅಂದರು:

“ಮಾಡಿದಿ, ಸಂಗವ್ವ. ಆ ಮನಷ್ಯಾನ ಬಾಯಾಗಿನ ಗುಳಿಗಿ ಕಸಗೊಂಡು ಮಾಡಿದಿ.”