ಒಳಗಿನ ಯಂತ್ರದಲ್ಲಿ ಕಲಿತ ನೀಲವ್ವ

"ಒಂದೇ ಮಾತನ್ನು ಎಷ್ಟು ಸಲ ಹೇಳಿಕೊಡಬೇಕು, ಗುರುಗಳೇ?" ಎಂದು ಗುರುಸಿದ್ಧ ಕೇಳಿದ.

ಅವನು ಹಿರಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದ. ಆ ಬೆಳಿಗ್ಗೆ ವಯಸ್ಸಾದ ಒಬ್ಬರ ಮೇಲೆ ರೇಗಿದ್ದ. ಅವರು ಎದ್ದುಹೋಗಿದ್ದರು. ಗುರುಸಿದ್ಧನಿಗೆ ವಿದ್ಯೆ ಕಲಿಸಿದ ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ತಾವೇ ಕಂಡ ಒಂದು ಕತೆ ಹೇಳಿದರು.

ಬಾಗಲಕೋಟೆಯಲ್ಲಿ ಸಂಕಪ್ಪ ಎಂಬವರಿದ್ದರು. ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವರ ಕೆಲಸ. ನಿವೃತ್ತರಾದ ಮೇಲೆ ನೇಕಾರರ ಮಾತುಗಳ ಶಬ್ದಕೋಶ ಬರೆಯಲು ಕುಳಿತರು. ಹನ್ನೊಂದು ವರ್ಷ ಬರೆದರು. ಬರೆದದ್ದೆಲ್ಲ ಮನೆಯ ಕಂಪ್ಯೂಟರಿನಲ್ಲಿತ್ತು. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಅದರ ಧೂಳನ್ನೂ ಅವರೇ ಒರೆಸುತ್ತಿದ್ದರು.

ಆಮೇಲೆ ಅವರ ಕಣ್ಣು ಮಂಜಾಗತೊಡಗಿತು. ಇನ್ನೊಂದು ವರ್ಷದಲ್ಲಿ ದೃಷ್ಟಿ ಹೋಗುತ್ತದೆ ಎಂದು ವೈದ್ಯರು ಹೇಳಿದರು. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶದಲ್ಲಿದೆ, ಅದನ್ನು ಹಾಕಿಕೊಡುತ್ತೇನೆ ಎಂದು ನಾನು ಹೇಳಿನೋಡಿದೆ. ಸಂಕಪ್ಪ ಮುಖ ತಿರುಗಿಸಿದರು. "ಕುರುಡರ ಯಂತ್ರ ನನಗೆ ಬೇಡ" ಎಂದರು.

ಮರುವಾರ ಅವರ ಹೆಂಡತಿ ನೀಲವ್ವ ನನ್ನ ಹತ್ತಿರ ಬಂದರು. ಕಂಪ್ಯೂಟರಿನ ಒಂದು ಗುಂಡಿಯನ್ನೂ ಒತ್ತಿದವರಲ್ಲ.

"ಮಾಸ್ತರೇ, ಆ ಓದುವ ವಿದ್ಯೆ ನಾನು ಕಲಿಯಬೇಕು. ಅವರು ಇವತ್ತು ಬೇಡ ಅನ್ನುತ್ತಾರೆ. ಬೇಕು ಅನ್ನುವ ದಿನ ಹೇಳಿಕೊಡುವವರು ಮನೆಯಲ್ಲೇ ಇರಬೇಕು. ಆದರೆ ಇರುವುದು ಅವರದೊಂದೇ ಯಂತ್ರ. ಅದು ಕೆಡಬಾರದು."

ಸಂಕಪ್ಪ ಮಲಗಿದ್ದಾಗ ಹೋಗಿ ನಾನು ಅದೇ ಕಂಪ್ಯೂಟರಿನಲ್ಲಿ ನೀಲವ್ವನಿಗೆ ವರ್ಚುವಲ್ ಮಶೀನ್ ಹಾಕಿಕೊಟ್ಟೆ. ಅದು ಯಂತ್ರದೊಳಗೆ ಇನ್ನೊಂದು ಯಂತ್ರವಿದ್ದ ಹಾಗೆ. ಹೊರಗಿನದು ತನ್ನ ಜಾಗದಲ್ಲಿ, ತನ್ನ ಮೆಮೊರಿಯಲ್ಲಿ ಒಂದು ಪಾಲನ್ನು ಅದಕ್ಕೆ ಬಿಟ್ಟುಕೊಡುತ್ತದೆ. ಒಳಗೆ ಲಿನಕ್ಸ್ ಹಾಕಬಹುದು, ಓಡಿಸಬಹುದು, ಕೆಡಿಸಲೂಬಹುದು. ಹೊರಗಿನದಕ್ಕೆ ಏನೂ ತಾಗುವುದಿಲ್ಲ. "ಹಾಕುವುದನ್ನೂ ನಾನೇ ಕಲಿಯುತ್ತೇನೆ" ಎಂದರು ನೀಲವ್ವ. ಮಾಡಬೇಕಾದದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ.

ಸಂಕಪ್ಪ ಮಧ್ಯಾಹ್ನ ಊಟ ಮಾಡಿ ಎರಡು ತಾಸು ಮಲಗುತ್ತಿದ್ದರು. ನೀಲವ್ವನ ಪಾಠ ಆಗ ನಡೆಯುತ್ತಿತ್ತು.

ಮೂರನೆಯ ದಿನ ಅವರ ಫೋನು ಬಂತು. "ಮಾಸ್ತರೇ, ಡಿಸ್ಕನ್ನು ಪೂರ್ತಿ ಅಳಿಸಲೇ ಎಂದು ಕೇಳಿತು. ಹೂಂ ಎಂದು ಒತ್ತಿಬಿಟ್ಟೆ. ಹನ್ನೊಂದು ವರ್ಷ, ಮಾಸ್ತರೇ!"

ಒಳಗಿನದು ಅಳಿಸುವುದು ತನಗೆ ಕೊಟ್ಟ ಪಾಲನ್ನು ಮಾತ್ರ ಎಂದು ಫೋನಿನಲ್ಲೇ ಹೇಳಿದೆ. ಅವರಿಗೆ ಕೇಳಿಸಲಿಲ್ಲ, ಅಳುತ್ತಿದ್ದರು. ಬಿಸಿಲಿನಲ್ಲಿ ಓಡಿದೆ. ಬರಹದ ಒಂದು ಪ್ರತಿ ತೆಗೆದಿಡಬೇಕು ಎಂಬುದು ನನಗೆ ದಾರಿಯಲ್ಲಿ ಹೊಳೆಯಿತು. ಅದು ಮೊದಲ ದಿನವೇ ಹೊಳೆಯಬೇಕಿತ್ತು. ಹೋಗಿ ಪರದೆಯ ಮೇಲಿದ್ದ ಒಳಗಿನ ಯಂತ್ರದ ಕಿಟಕಿ ಮುಚ್ಚಿ ಶಬ್ದಕೋಶವನ್ನು ತೆರೆದು ತೋರಿಸಿದೆ. ಅಕಾರದಿಂದ ಎಲ್ಲವೂ ಹಾಗೆಯೇ ಇತ್ತು. ನೀಲವ್ವ ಒಂದೊಂದೇ ಪುಟ ಇಳಿಸುತ್ತ ನೋಡಿದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಗಂಡ ಎಚ್ಚರಗೊಳ್ಳದಿರಲಿ ಎಂದು. ನಾನು ಪ್ರತಿ ತೆಗೆದುಕೊಂಡೆ.

ಅವರ ಹೆದರಿಕೆ ಅಂದಿಗೆ ಹೋಯಿತು. ಲಿನಕ್ಸ್ ಹಾಕಿದರು. ಕೆಡಿಸಿದರು, ಮತ್ತೆ ಹಾಕಿದರು. ಚೆನ್ನಾಗಿರುವಾಗಿನ ಸ್ಥಿತಿಯನ್ನು ಉಳಿಸಿಟ್ಟು, ಕೆಟ್ಟಾಗ ಅಲ್ಲಿಗೇ ಮರಳುವುದನ್ನು ಕಲಿತರು. ಒಂದು ದಿನ ಒಳಗಿನದನ್ನು ನಿಲ್ಲಿಸುವುದು ಮರೆತರು. ಹೊರಗಿನದು ಕುಂಟುತ್ತ ನಡೆಯಿತು. "ಇದಕ್ಕೂ ನನ್ನಷ್ಟೇ ವಯಸ್ಸಾಯಿತು" ಎಂದು ಸಂಕಪ್ಪ ಗೊಣಗಿದರಂತೆ.

ಓದುವ ದನಿ ಬಂದ ಮೇಲೆ ನೀಲವ್ವ ಪರದೆಯ ಮೇಲೆ ಟವೆಲ್ ಹೊದಿಸಿ ಅಭ್ಯಾಸಕ್ಕೆ ತೊಡಗಿದರು. ಏಕೆಂದು ಕೇಳಿದೆ.

"ಕಾಣಿಸದಿದ್ದಾಗ ಅವರು ಎಲ್ಲಿ ಎಡವುತ್ತಾರೆ ಎಂದು ನನಗೆ ಗೊತ್ತಿರಬೇಕಲ್ಲ?"

ನಾನು ಹಾಳೆಯಲ್ಲಿ ಅದನ್ನು ಬರೆದುಕೊಟ್ಟಿರಲಿಲ್ಲ.

ಹೀಗೆ ನಾಲ್ಕು ತಿಂಗಳಾಯಿತು. ಸಂಕಪ್ಪನವರಿಗೆ ಅಕ್ಷರಗಳು ಕಾಣದಾದವು. ಅವರು ಶಬ್ದಕೋಶದ ಮಾತನ್ನೇ ಬಿಟ್ಟರು. ಊಟದಲ್ಲೂ ಮಾತು ಕಡಿಮೆಯಾಯಿತು. ನೀಲವ್ವ ಒತ್ತಾಯಿಸಲಿಲ್ಲ.

ಒಂದು ಮಧ್ಯಾಹ್ನ ಅವರು ಗಂಡನ ಬರಹದ ಒಂದು ಪುಟವನ್ನು ಒಳಗಿನ ಯಂತ್ರಕ್ಕೆ ಕೊಟ್ಟು ಓದಿಸುತ್ತಿದ್ದರು. ಆ ದನಿಗೆ ಮಹಾಪ್ರಾಣ ಸರಿಯಾಗಿ ಹೊರಡುತ್ತಿರಲಿಲ್ಲ. "ಗುಳೇದಗುಡ್ಡದ ಕಣ" ಎಂದು ಓದಿತು.

"ಕಣ ಅಲ್ಲ!" ಎಂದು ಬಾಗಿಲಿನಿಂದ ಗದರಿಕೆ ಬಂತು. "ಖಣ! ಕುಪ್ಪಸ ಹೊಲಿಯುವ ಖಣ! ಯಾರದು ನನ್ನ ಬರಹವನ್ನು ಹೀಗೆ ಓದುವುದು?"

ನೀಲವ್ವ ಹೆದರಿ ಎದ್ದುನಿಂತರು. ದನಿ ತನ್ನ ಪಾಡಿಗೆ ಓದುತ್ತಲೇ ಇತ್ತು. ಸಂಕಪ್ಪ ಗೋಡೆ ಹಿಡಿದುಕೊಂಡು ಹತ್ತಿರ ಬಂದರು. ಪರದೆಯತ್ತ ಕೈಚಾಚಿದಾಗ ಟವೆಲ್ ಸಿಕ್ಕಿತು. ಅದನ್ನು ಬಹಳ ಹೊತ್ತು ಮುಟ್ಟಿ ನೋಡಿದರು.

"ಪರದೆ ಮುಚ್ಚಿಕೊಂಡು ಏನು ಮಾಡುತ್ತಿದ್ದೀಯೆ?"

"ಕಲಿಯುತ್ತಿದ್ದೇನೆ."

"ಎಷ್ಟು ದಿನದಿಂದ?"

"ಮಳೆಗಾಲಕ್ಕೆ ಮುಂಚಿನಿಂದ. ನಿಮ್ಮ ಬರಹಕ್ಕೆ ಏನೂ ಆಗಿಲ್ಲರೀ. ಇದು ಒಳಗಿನದು, ಬೇರೆ."

ಸಂಕಪ್ಪ ಹೆಂಡತಿಯ ಭುಜ ಹುಡುಕಿ ಹಿಡಿದುಕೊಂಡು, "ಸ್ವಲ್ಪ ಆಚೆ ಸರಿ, ಕೂರುತ್ತೇನೆ. ಇದಕ್ಕೆ ಉಚ್ಚಾರಣೆ ಕಲಿಸಿದವರು ಯಾರು? ಶುದ್ಧ ದಡ್ಡ" ಎಂದರು.

ಕೀಲಿಮಣೆ ಅವರ ಬೆರಳುಗಳಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಉಳಿದದ್ದೆಲ್ಲ. ಎಡವಿದರು, ಸಿಟ್ಟಾದರು, ಒಂದು ಸಂಜೆ ಕೀಲಿಮಣೆಯನ್ನೇ ತಳ್ಳಿ ಎದ್ದರು. ನೀಲವ್ವ ಪಕ್ಕದ ಕುರ್ಚಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿರುತ್ತಿದ್ದರು. "ಹೋಗಲಿ ಬಿಡಿ, ಒಳಗಿನದು ತಾನೇ" ಎಂದು ಯಂತ್ರವನ್ನು ಮೊದಲಿನ ಸ್ಥಿತಿಗೆ ತರುತ್ತಿದ್ದರು. ಸಂಕಪ್ಪ ಮತ್ತೆ ಬಂದು ಕೂರುತ್ತಿದ್ದರು.

ಈಗ ಅವರಿಗೆ ಬಾಗಿಲಿನ ಬೆಳಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಶಬ್ದಕೋಶ ಯಕಾರ ದಾಟಿದೆ. ಆ ದನಿಯೊಂದಿಗೆ ಅವರ ಜಗಳ ಇನ್ನೂ ನಡೆದಿದೆ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಗುರುಸಿದ್ಧ, "ಸಂಕಪ್ಪನವರು ಕಲಿಯುವಷ್ಟರಲ್ಲಿ ಆಕೆ ಎಷ್ಟು ಸಲ ಹೇಳಿಕೊಡಬೇಕಾಯಿತು, ಗುರುಗಳೇ?" ಎಂದ.

"ಆ ಮನೆಯಲ್ಲಿ ಎಣಿಸುವವರು ಯಾರೂ ಇರಲಿಲ್ಲ" ಎಂದರು ಗುರುಗಳು.