ಪೆಟ್ರೋಲು, ಬ್ಯಾಟರಿ ಮತ್ತು ನಿದ್ದೆ

ಒಂದು ಅತಿಥಿಗೃಹದ ತೋಟದಲ್ಲಿ ಒಬ್ಬ ಮಾಲಿ ಇದ್ದ. ಗಿಡದ ಬೇಲಿ ಕತ್ತರಿಸಲು ಅವನಿಗೆ ಎರಡು ಮಷೀನು ಕೊಟ್ಟಿದ್ದರು. ಪೆಟ್ರೋಲಿನದು ಹೊಗೆ ಉಗುಳುತ್ತಾ ಬೀದಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಬ್ಯಾಟರಿಯದು ಸೊಳ್ಳೆಯಷ್ಟೇ ಗುಂಯ್ ಅನ್ನುತ್ತಿತ್ತು. ಮಾಲಿ ಬ್ಯಾಟರಿಯದನ್ನೇ ಹಿಡಿದ.

ಮ್ಯಾನೇಜರ್ ಚನ್ನಕೇಶವಯ್ಯನವರು ಕುರ್ಚಿ ಬಿಟ್ಟು ಏಳುವವರಲ್ಲ. ಯಾರ ಕೆಲಸವನ್ನಾದರೂ ಕಿವಿಯಿಂದಲೇ ಅಳೆಯುವವರು. ಮಾಲಿಯನ್ನು ಕರೆಸಿದರು.

"ಏನಯ್ಯಾ, ಸದ್ದೇ ಇಲ್ಲ? ಸದ್ದಿದ್ರೆ ಕೆಲಸ. ಸದ್ದಿಲ್ಲ ಅಂದ್ರೆ ನೀನು ನಿದ್ದೆ ಮಾಡ್ತಿದ್ದೀಯ ಅಂತ ಲೆಕ್ಕ. ನಾಳೇನೂ ಹೀಗೇ ಆದ್ರೆ ನೀನು ಮನೆಗೆ ಹೋಗು."

"ಅಪ್ಪಣೆ ಸ್ವಾಮಿ," ಅಂದ ಮಾಲಿ.

ಮರುದಿನ ಪೆಟ್ರೋಲ್ ಮಷೀನನ್ನು ಸಾಹೇಬರ ಕಿಟಕಿಯ ಕೆಳಗೆ, ಕಲ್ಲುಬೆಂಚಿನ ಮೇಲೆ ಚಾಲೂ ಮಾಡಿಟ್ಟ. ತಾನು ಬ್ಯಾಟರಿಯದನ್ನು ಹಿಡಿದು ಬೇಲಿಗೆ ಹೋದ.

ಸಾಹೇಬರಿಗೆ ಮೊದಲು ಸಂತೋಷವಾಯಿತು. ಹತ್ತೇ ನಿಮಿಷಕ್ಕೆ ತಲೆ ಸಿಡಿಯತೊಡಗಿತು. ಫೋನಿನಲ್ಲಿ ಮೇಲಧಿಕಾರಿ ಏನು ಹೇಳಿದರೋ ಕೇಳಿಸಲಿಲ್ಲ. ಎಲ್ಲಕ್ಕೂ "ಆಗಲಿ ಸಾರ್" ಎಂದುಬಿಟ್ಟರು. ಆಮೇಲೆ ಜೀವಮಾನದಲ್ಲಿ ಮೊದಲ ಸಲ ಕುರ್ಚಿ ಬಿಟ್ಟೆದ್ದು ಕಿಟಕಿಯಿಂದ ಕೂಗಿದರು: "ನಿಲ್ಲಿಸಯ್ಯಾ ನಿನ್ನ ಕೆಲಸ!"

ಮಾಲಿ ಓಡಿ ಬಂದು ಪೆಟ್ರೋಲ್ ಮಷೀನು ಆರಿಸಿದ. ಮತ್ತೆ ಬೇಲಿಗೆ ಹೋದ.

ಸಂಜೆ ಸಾಹೇಬರು ಹೊರಗೆ ಬಂದು ನೋಡಿದರೆ, ಬೇಲಿ ಪೂರ್ತಿ ದಾರ ಹಿಡಿದು ಕತ್ತರಿಸಿದ ಹಾಗೆ ನೆಟ್ಟಗಿತ್ತು.

"ಕೆಲಸ ನಿಲ್ಲಿಸು ಅಂದಿದ್ನಲ್ಲಯ್ಯಾ! ಇದೆಲ್ಲ ಯಾವಾಗ ಮಾಡಿದೆ?"

ಮಾಲಿ ಕೈಕಟ್ಟಿ ನಿಂತ.

"ಕೆಲಸ ಆಗಲೇ ನಿಲ್ಲಿಸಿದೆ ಸ್ವಾಮಿ. ಮಿಕ್ಕಿದ್ದೆಲ್ಲ ನಿದ್ದೇಲಿ ಮಾಡಿದ್ದು."